ಬೇಸಿಗೆಯ ಬಯಲೂಟ

ಬಿರುಬೇಸಿಗೆಯಲ್ಲಿ ಹೊರಗೆ ಗಾಳಿಗೆ ಕೂತು ಉಣ್ಣಲು ಎಂಥ ಹೋಟೆಲ್ ನೋಡಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನವು ಬೆಂಗಳೂರಿನವು. "ಒಳ್ಳೆಯ ಹತ್ತು ಹೆಸರು ಕೊಟ್ಟುಬಿಡಿ ಸಾಕು" ಎಂದವರೇ ಬಹಳ. ಅಂಥ ಪಟ್ಟಿ ಕೊಡುತ್ತಿಲ್ಲ. ಮಾರ್ಚ್‌ನಲ್ಲಿ ಹಿತವಾಗಿದ್ದ ಮೇಜಿಗೆ ಮೇ ತಿಂಗಳಲ್ಲಿ ಬಿಸಿಲು ಬಂದು ಬಡಿಯುತ್ತದೆ. ರಾತ್ರಿ ಎಂಟಕ್ಕೆ ಚೆಂದವಿರುವ ಟೆರೇಸು ಸಂಜೆ ಐದಕ್ಕೆ ಕಾದ ಕಾವಲಿ. ಹೆಸರಿಗಿಂತ ಮೊದಲು ಹೊತ್ತು, ದಿಕ್ಕು, ತಲೆಯ ಮೇಲಿನ ಹೊದಿಕೆ ನೋಡಬೇಕು.

ಏಪ್ರಿಲ್ ಕೊನೆಯ ವಾರ ಅಪ್ಪ ಅಮ್ಮನ ಮದುವೆಯ 40ನೇ ವರ್ಷ. ಒಟ್ಟು 12 ಜನ. ಮಧ್ಯಾಹ್ನ ಒಂದು ಗಂಟೆಗೆ ಮರಗಿಡ ಇರುವ ಕಡೆ ಹೊರಗೇ ಊಟ ಮಾಡಿಸಬೇಕೆಂದಿದ್ದೇವೆ. ಅಪ್ಪನಿಗೆ 72, ಬಿಪಿ ಮಾತ್ರೆ ನಡೆಯುತ್ತಿದೆ. ಎಂಥ ಜಾಗ ನೋಡೋಣ?
(ಜಯನಗರ)

ಮೊದಲು ಹೊತ್ತು ಬದಲಾಯಿಸಲು ಆಗುತ್ತದೆಯೇ ನೋಡಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ 12 ಗಂಟೆ 17 ನಿಮಿಷಕ್ಕೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಊರಿನ ದಾಖಲೆ ಸೆಕೆ 39.2 ಡಿಗ್ರಿ ಬಂದದ್ದೂ 2016ರ ಏಪ್ರಿಲ್ ಕೊನೆಯ ವಾರದಲ್ಲೇ. ಅದೇ ಊಟವನ್ನು ಸಂಜೆ ಏಳೂಕಾಲಕ್ಕೆ ಇಟ್ಟುಕೊಂಡರೆ ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾಗಿರುತ್ತದೆ. ಬೆಳಗಿನ ತಿಂಡಿಗೆ ಇಟ್ಟುಕೊಂಡರೆ ಇನ್ನೂ ಮೇಲು. ಎಂಟಕ್ಕೆ ಕೂತು ಒಂಬತ್ತೂವರೆಗೆ ಎದ್ದರೆ ಎಲ್ಲರೂ ನಗುನಗುತ್ತಾ ಮನೆ ಸೇರಬಹುದು.

ಮಧ್ಯಾಹ್ನವೇ ಆಗಬೇಕೆಂದರೆ ಮರದಡಿ ಬಿಟ್ಟು ಬೇರೆಲ್ಲೂ ಬೇಡ. ಸೂರ್ಯ ನೆತ್ತಿಯ ಮೇಲಿರುವುದರಿಂದ ಮರದ ನೆರಳು ಅದರ ಬುಡಕ್ಕೇ ಬೀಳುತ್ತದೆ, ಒಂದೂವರೆ ಎರಡು ಗಂಟೆ ಹೆಚ್ಚು ಕದಲುವುದಿಲ್ಲ. ಯಾವ ಮರ ಎನ್ನುವುದು ಮುಖ್ಯ. ಹೊಂಗೆ ಆ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ದಟ್ಟವಾಗಿರುತ್ತದೆ. "ಹೊಂಗೆಯ ನೆರಳು ತಾಯಿಯ ಮಡಿಲು" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಏಪ್ರಿಲ್, ಮೇನಲ್ಲಿ ಅದರ ಹೂ ಉದುರುತ್ತದೆ, ಸಾರಿನ ಬಟ್ಟಲಿಗೂ ಬೀಳುತ್ತದೆ. ಮಳೆಮರದ ಕೊಡೆ ಅಗಲವಾದದ್ದು, 12 ಜನಕ್ಕೆ ಧಾರಾಳ. ಮಾವು ಚೆನ್ನ. ಗುಲ್‌ಮೊಹರ್ ಫೋಟೋಕ್ಕೆ ಸರಿ, ನೆರಳಿಗೆ ಅಲ್ಲ. ಹೂ ತುಂಬುವ ಕಾಲಕ್ಕೆ ಎಲೆ ತೆಳ್ಳಗಿರುತ್ತದೆ. ಅತ್ತಿ, ಗೋಣಿ, ಆಲದ ಕೆಳಗಿನ ಮೇಜಿಗೆ ಹಕ್ಕಿಗಳ ಹಿಕ್ಕೆಯ ಕಾಟ. ಹಿಂದಿನ ದಿನ ಹೋಗಿ ನೆಲ ನೋಡಿ: ಬಿಳಿ ಕಲೆಗಳು ಒತ್ತಾಗಿದ್ದರೆ ನಾಳೆಯೂ ಬೀಳುತ್ತವೆ. ದೊಡ್ಡ ಮರಗಳ ಕೆಳಗೆ ಮೇಜು ಹಾಕುವ ಜಾಗ ಹೇಗಿರುತ್ತದೆಂದು ತಿಳಿಯಬೇಕಿದ್ದರೆ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿಗೆ ಒಮ್ಮೆ ಹೋಗಿ ಕಾಫಿ ಕುಡಿದು ಬನ್ನಿ. ಮರದ ನೆರಳಿಗೂ ಶೀಟಿನ ನೆರಳಿಗೂ ಇರುವ ವ್ಯತ್ಯಾಸ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಆ ವ್ಯತ್ಯಾಸದ ಕಾರಣ ಇಷ್ಟೇ. ಎಲೆ ನೀರನ್ನು ಆವಿ ಮಾಡುತ್ತಾ ತನ್ನನ್ನು ತಂಪಾಗಿ ಇಟ್ಟುಕೊಳ್ಳುತ್ತದೆ. ಜಿಂಕ್ ಶೀಟು ಕಾದು, ಆ ಕಾವನ್ನು ಕೆಳಗೆ ಕೂತವರ ತಲೆಗೆ ಬಿಡುತ್ತದೆ. ನೆರಳಿದ್ದೂ ಬೇಯುವುದು ಹೀಗೆ. ಪಾರದರ್ಶಕ ಪಾಲಿಕಾರ್ಬೊನೇಟ್ ಹೊದಿಕೆ ಅದಕ್ಕಿಂತ ಕಷ್ಟ. ಬೆಳಕು ಒಳಗೆ ಬರುತ್ತದೆ, ಬಿಸಿ ಹೊರಗೆ ಹೋಗದು. ಮಳೆಗಾಲಕ್ಕೆ ಮಾಡಿದ ಏರ್ಪಾಡು ಅದು. ಮಂಗಳೂರು ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲೆ ಹೋಗುವುದರಿಂದ ಮರ ಸಿಗದಿದ್ದರೆ ಹೆಂಚಿನ ಮಾಡು ಹುಡುಕಿ. ಹೋದ ಕೂಡಲೇ ಒಂದು ಪರೀಕ್ಷೆ ಮಾಡಿ: ಕುರ್ಚಿಯಲ್ಲಿ ಕೂತು ಅಂಗೈಯನ್ನು ತಲೆಯ ಮೇಲೆ ಆಕಾಶಕ್ಕೆ ತೋರಿಸಿ ಅರ್ಧ ನಿಮಿಷ ಹಿಡಿಯಿರಿ. ಅಂಗೈಗೆ ಕಾವು ತಟ್ಟಿದರೆ ಬೇರೆ ಮೇಜು ಕೇಳಿ.

ಅಪ್ಪನ ವಿಷಯ. ಬಿಪಿ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಬಗೆಯವೂ ಇವೆ. ಸೆಕೆಯಲ್ಲಿ ಬೆವರೂ ಸೇರಿದರೆ ಮೈಯ ನೀರು ಕಡಿಮೆಯಾಗಿ, ಊಟ ಮುಗಿಸಿ ಏಳುವಾಗ ತಲೆ ಸುತ್ತಬಹುದು. ಅವರಿಗೆ ಕೈಯಿರುವ ಗಟ್ಟಿ ಕುರ್ಚಿ ಹಾಕಿಸಿ. ಕಬ್ಬಿಣದ ಮಡಿಸುವ ಕುರ್ಚಿ, ಹಿಂದೆ ಒರಗದ ಸ್ಟೂಲು ಬೇಡ. ಜಲ್ಲಿ ಹಾಸಿದ ನೆಲದ ಮೇಲೆ ಕುರ್ಚಿ ಹಿಂದಕ್ಕೆ ಸರಿಯುವುದೇ ಇಲ್ಲ, ವಯಸ್ಸಾದವರು ಮುಗ್ಗರಿಸುವುದು ಅಲ್ಲೇ. ಒಂದೇ ಉದ್ದನೆಯ ಮೇಜು ಹಾಕಿಸಿದರೆ ಒಂದು ತುದಿ ಬಿಸಿಲಿಗೆ ಚಾಚಿಕೊಳ್ಳುವುದು ಸಾಮಾನ್ಯ. ಆರಾರು ಜನದ ಎರಡು ಮೇಜು ಪಕ್ಕಪಕ್ಕದಲ್ಲಿ ಇದ್ದರೆ ಎರಡೂ ನೆರಳಲ್ಲಿ ಕೂರುತ್ತವೆ. ಒಳಗೂ 12 ಜನಕ್ಕೆ ಜಾಗ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಡಿ.

ಸಂಜೆ ನಾಲ್ಕೂವರೆಗೆ "ನೆರಳಿನ ಮೇಜು" ಎಂದು ಫೋನಿನಲ್ಲಿ ಹೇಳಿ ಬುಕ್ ಮಾಡಿದ್ದೆ. ದೊಡ್ಡ ಛತ್ರಿಯೂ ಇತ್ತು. ಆದರೂ ಎದ್ದು ಬರುವ ತನಕ ಮುಖಕ್ಕೆ ಬಿಸಿಲು. ಅವರು ಸುಳ್ಳು ಹೇಳಿದರೋ, ನಾವು ಸರಿಯಾಗಿ ಕೇಳಲಿಲ್ಲವೋ?
(ಇಂದಿರಾನಗರ)

ಸುಳ್ಳು ಇರಲಿಕ್ಕಿಲ್ಲ. ಫೋನು ಎತ್ತಿದವರು ಮಧ್ಯಾಹ್ನ ನೋಡಿದ್ದನ್ನು ಹೇಳಿದ್ದಾರೆ. ಛತ್ರಿಯ ನೆರಳು ಛತ್ರಿಯ ಕೆಳಗೇ ಇರುವುದು ಎರಡು ಗಂಟೆಯ ತನಕ ಮಾತ್ರ.

ಲೆಕ್ಕ ಹಾಕೋಣ. ಸಾಮಾನ್ಯವಾಗಿ ಇಂಥ ಛತ್ರಿ 9 ಅಡಿ ಅಗಲ, ಅದರ ಅಂಚು ನೆಲದಿಂದ 7 ಅಡಿ ಎತ್ತರ. ಕೂತವರ ತಲೆ ಸುಮಾರು 4 ಅಡಿಯಲ್ಲಿರುತ್ತದೆ, ಅಂದರೆ ತಲೆಗೂ ಅಂಚಿಗೂ ನಡುವೆ 3 ಅಡಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಮೂರಕ್ಕೆ ನೆರಳು ಪೂರ್ವಕ್ಕೆ ಎರಡೂವರೆ ಅಡಿ ಸರಿಯುತ್ತದೆ, ನಾಲ್ಕಕ್ಕೆ 4 ಅಡಿ ದಾಟುತ್ತದೆ, ಐದಕ್ಕೆ ಸುಮಾರು ಏಳೂವರೆ ಅಡಿ. ಛತ್ರಿಯ ಕಂಬದಿಂದ ಅಂಚಿಗೆ ಇರುವುದೇ ನಾಲ್ಕೂವರೆ ಅಡಿ. ಹಾಗಾಗಿ ನಾಲ್ಕು ಗಂಟೆಗೆ ಪಶ್ಚಿಮದ ಕುರ್ಚಿಯವರು ಪೂರಾ ಬಿಸಿಲಲ್ಲಿರುತ್ತಾರೆ, ಪೂರ್ವದ ಕುರ್ಚಿಯವರು ಹೇಗೋ ನೆರಳಲ್ಲಿ. ಐದಾಗುವಷ್ಟರಲ್ಲಿ ನಿಮ್ಮ ಛತ್ರಿಯ ನೆರಳು ಪಕ್ಕದ ಮೇಜಿನವರ ಪಾಲಾಗಿರುತ್ತದೆ. ಕಂಬ ಓರೆಯಾಗಿಸಬಲ್ಲ ಛತ್ರಿಯಾದರೆ ಪಶ್ಚಿಮಕ್ಕೆ ಬಾಗಿಸಲು ಹೇಳಿ, ಅರ್ಧ ಗಂಟೆ ಗಳಿಸಬಹುದು.

ಸಂಜೆಯ ಬಿಸಿಲು ತಡೆಯಲು ಬೇಕಾದ್ದು ಪಶ್ಚಿಮದಲ್ಲೊಂದು ಗೋಡೆ. ಅದೂ ಎತ್ತರದ್ದು. 10 ಅಡಿಯ ಕಾಂಪೌಂಡು ನಾಲ್ಕು ಗಂಟೆಗೆ ನೆಲದ ಮೇಲೆ 14 ಅಡಿ ನೆರಳು ಚೆಲ್ಲಿದರೂ ಕೂತವರ ತಲೆಯ ಮಟ್ಟದಲ್ಲಿ ಅದು 8 ಅಡಿ ಮಾತ್ರ. ಎರಡು ಮಹಡಿಯ, 25 ಅಡಿ ಕಟ್ಟಡವಾದರೆ ತಲೆಯ ಮಟ್ಟದಲ್ಲೇ ಸುಮಾರು 29 ಅಡಿ ನೆರಳು ಸಿಗುತ್ತದೆ. ಆದ್ದರಿಂದ ಕಟ್ಟಡದ ಪೂರ್ವಕ್ಕೆ ಅಂಗಳ ಇರುವ ಹೋಟೆಲು ಸಂಜೆಗೆ ಸರಿ, ಪಶ್ಚಿಮಕ್ಕೆ ಅಂಗಳ ಇರುವುದು ಬೆಳಗಿನ ಕಾಫಿಗೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಉತ್ತರದ ಜಗುಲಿ ಯಾವಾಗಲೂ ತಂಪು" ಅಂತ. ಬೆಂಗಳೂರಿನಲ್ಲಿ ಏಪ್ರಿಲ್ 24ರ ತನಕ, ಮಧ್ಯಾಹ್ನದ ಮಟ್ಟಿಗೆ ಆ ಮಾತು ನಿಜ. ಆಮೇಲೆ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಮುಳುಗುವಾಗಲೂ ಪಶ್ಚಿಮದಿಂದ ಉತ್ತರಕ್ಕೆ ಜರುಗಿರುತ್ತಾನೆ. ಸಂಜೆಯ ಇಳಿಬಿಸಿಲು ಉತ್ತರದ ಜಗುಲಿಗೆ ಓರೆಯಾಗಿ ನುಗ್ಗುತ್ತದೆ. ಮೇ ತಿಂಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಜಗುಲಿಯೇ ಒಳ್ಳೆಯದು. ಮನೆ ಕಟ್ಟುವವರಿಗೂ ಇದನ್ನು ಹೇಳಿ, ವಾಸ್ತು ಹೇಳುವವರು ಸಿಟ್ಟಾದರೆ ಆಗಲಿ.

ಮುಂದಿನ ಸಲ ಫೋನಿನಲ್ಲಿ "ನೆರಳು ಇದೆಯಾ" ಎಂದು ಕೇಳಬೇಡಿ. "ಐದು ಗಂಟೆಗೆ ಆ ಮೇಜಿಗೆ ಬಿಸಿಲು ಯಾವ ಕಡೆಯಿಂದ ಬರುತ್ತೆ?" ಎಂದು ಕೇಳಿ. ಉತ್ತರ ತಟ್ಟನೆ ಬಂದರೆ ಅವರಿಗೆ ಜಾಗ ಗೊತ್ತಿದೆ. "ಒಂದ್ನಿಮಿಷ ಸಾರ್" ಎಂದು ಇನ್ನೊಬ್ಬರನ್ನು ಕೇಳಿ ಬಂದರೂ ಪರವಾಗಿಲ್ಲ. "ಏನೂ ಪ್ರಾಬ್ಲಮ್ ಆಗಲ್ಲ" ಎಂದರೆ ಮೊಬೈಲಿನ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದು ಅಂಗಳ ಕಟ್ಟಡದ ಯಾವ ಬದಿಗಿದೆ ಎಂದು ನೀವೇ ನೋಡಿಕೊಳ್ಳಿ. ಅದರಲ್ಲಿ ಮೇಲ್ಭಾಗವೇ ಉತ್ತರ ದಿಕ್ಕು.

ರೂಫ್‌ಟಾಪ್ ಹೋಟೆಲಿಗೆ ರಾತ್ರಿ ಏಳೂವರೆಗೆ ಹೋಗಿದ್ದೆವು. ಬಿಸಿಲಿರಲಿಲ್ಲ, ಆದರೂ ಕಾಲ ಕೆಳಗಿನಿಂದ ಸೆಕೆ ಏಳುತ್ತಿತ್ತು. ಹೀಗೇಕೆ? ಮೇಲೆ ಹೋದಷ್ಟೂ ಗಾಳಿ ಅಲ್ಲವೇ?
(ಮಲ್ಲೇಶ್ವರ)

ಹಗಲೆಲ್ಲ ಕಾದ ಕಾಂಕ್ರೀಟು ಕುಡಿದ ಬಿಸಿಯನ್ನು ಸೂರ್ಯ ಮುಳುಗಿದ ಮೇಲೆ ನಿಧಾನವಾಗಿ ಬಿಡುತ್ತದೆ. ಮೋಡವಿಲ್ಲದ ದಿನದ ಟೆರೇಸು ಒಂಬತ್ತರ ಹೊತ್ತಿಗೆ ಹದಕ್ಕೆ ಬರುತ್ತದೆ. ಏಳೂವರೆಗೆ ಹೋದರೆ ನೆಲ ಇನ್ನೂ ಕಾವು ಉಗುಳುತ್ತಿರುತ್ತದೆ. ಬಿಳಿ ತಂಪುಬಣ್ಣ ಬಳಿದ ಟೆರೇಸು, ನೆಲದಿಂದ ನಾಲ್ಕಾರು ಇಂಚು ಎತ್ತರಿಸಿದ ಮರದ ಹಲಗೆಯ ಹಾಸು ಇದ್ದರೆ ಕಷ್ಟ ಕಡಿಮೆ. ಕಡು ಬಣ್ಣದ ಟೈಲ್ಸು ಇದ್ದರೆ ಹೆಚ್ಚು. ಪ್ಲಾಸ್ಟಿಕ್ ಹುಲ್ಲುಹಾಸು ಹಗಲು ಕಾಲಿಡದಷ್ಟು ಸುಡುತ್ತದೆ, ಆದರೆ ಬೇಗ ಆರುತ್ತದೆ. ಒಳ್ಳೆಯ ಹೋಟೆಲಿನವರು ಗಿರಾಕಿ ಬರುವ ಒಂದು ಗಂಟೆ ಮೊದಲು ನೆಲಕ್ಕೆ ನೀರು ಚಿಮುಕಿಸಿ ಆರಲು ಬಿಡುತ್ತಾರೆ. ನಿಮ್ಮೆದುರೇ ನೀರು ಹೊಯ್ದರೆ ಮಾತ್ರ ಹಬೆ ಎದ್ದು ಇನ್ನಷ್ಟು ಕಷ್ಟ.

ಗಾಳಿಯ ವಿಷಯಕ್ಕೆ ಬಂದರೆ, ಎತ್ತರದಲ್ಲಿ ಗಾಳಿ ಇರುತ್ತದೆ ನಿಜ. ಆದರೆ ಸುತ್ತ ಆರಡಿ ಗಾಜು ಕಟ್ಟಿ, ಮೇಲೆ ಟಾರ್ಪಾಲಿನ್ ಎಳೆದರೆ ಅದು ಟೆರೇಸಲ್ಲ, ಬಿಸಿ ಪೆಟ್ಟಿಗೆ. ಪ್ಯಾರಪೆಟ್ ಜಾಲರಿಯದೋ ಗಾಜಿನದೋ ಎಂದು ನೋಡಿ. ಮೇ ಎರಡನೇ ವಾರದ ಹೊತ್ತಿಗೆ ಪಡುವಣ ಗಾಳಿ ಬಲಗೊಳ್ಳುವುದರಿಂದ ಪಶ್ಚಿಮದ ಕಡೆ ತೆರೆದಿರಬೇಕು.

ಕೇಳದಿದ್ದರೂ ಒಂದು ಮಾತು. 2023ರ ಅಕ್ಟೋಬರ್‌ನಲ್ಲಿ ಕೋರಮಂಗಲದ ಬಹುಮಹಡಿ ಕಟ್ಟಡದ ಮೇಲಿನ ಹೋಟೆಲೊಂದಕ್ಕೆ ಬೆಂಕಿ ಬಿದ್ದು ಸಿಲಿಂಡರುಗಳು ಸಿಡಿದವು, ಒಬ್ಬರು ಕೆಳಗೆ ಹಾರಿದರು. ಟೆರೇಸಿಗೆ ಹೋದಾಗ ಮೆನು ತೆರೆಯುವ ಮೊದಲು ಎರಡನೇ ಮೆಟ್ಟಿಲು ಎಲ್ಲಿದೆ ನೋಡಿ. ಲಿಫ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ಮೆಟ್ಟಿಲಿಗೆ ಬೀಗ ಹಾಕಿದ್ದರೆ, ಅಥವಾ ಖಾಲಿ ಬಾಟಲಿಗಳ ಕ್ರೇಟು ಅಡ್ಡವಿದ್ದರೆ, ಮೇಲೆ ಒಣ ಹುಲ್ಲು, ಬಿದಿರಿನ ಚಪ್ಪರವಿದ್ದು ಪಕ್ಕದಲ್ಲೇ ತಂದೂರಿ ಒಲೆ ಇದ್ದರೆ, ಎದ್ದು ಬನ್ನಿ.

ನೀರಿನ ಮಂಜು ಚಿಮ್ಮಿಸುವ ಫ್ಯಾನು ಇದೆ ಎಂದು ಜಾಹೀರಾತು ನೋಡಿ ಹೋದರೆ ಮೈಯೆಲ್ಲ ಅಂಟಂಟು. ಬೆಂಗಳೂರಿನ ನೆಂಟರು ಬಹಳ ಹೊಗಳಿದ್ದರು. ನಮ್ಮಲ್ಲಿ ಯಾಕೆ ಹೀಗೆ?
(ಮಂಗಳೂರು)

ನೆಂಟರು ಹೇಳಿದ್ದೂ ನಿಜ, ನಿಮ್ಮ ಅನುಭವವೂ ನಿಜ. ನೀರಿನ ಹನಿ ಗಾಳಿಯಲ್ಲಿ ಆವಿಯಾದರೆ ಮಾತ್ರ ತಂಪು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಸೆಕೆ, ತೇವ ಶೇ 30ರಷ್ಟು ಎಂದುಕೊಳ್ಳಿ; ನೀರು ಆವಿಯಾಗಿ ಆ ಗಾಳಿಯನ್ನು ಹೆಚ್ಚೆಂದರೆ 21 ಡಿಗ್ರಿಯ ತನಕ ಇಳಿಸಲು ಅವಕಾಶವಿದೆ. ಮಂಗಳೂರಿನಲ್ಲಿ 33 ಡಿಗ್ರಿ, ತೇವ ಶೇ 70 ಇದ್ದರೆ ಇಳಿಯುವ ಮಿತಿ 28. ಅಲ್ಲಿ 13 ಡಿಗ್ರಿಯ ಅವಕಾಶ, ಇಲ್ಲಿ ಐದರದ್ದು. ಬಯಲಲ್ಲಿ ಅದರ ಅರ್ಧ ಸಿಕ್ಕರೂ ಹೆಚ್ಚು. ಉಳಿದ ನೀರು ಬಟ್ಟೆಗೆ, ತಟ್ಟೆಗೆ.

ಕರಾವಳಿಯಲ್ಲಿ ಬೇಕಾದ್ದು ಬರಿಯ ಗಾಳಿ. ಕಡಲಗಾಳಿ ಹಗಲು ಹತ್ತು ಹನ್ನೊಂದರ ನಂತರ ಶುರುವಾಗಿ ಸಂಜೆಯ ತನಕ ಬೀಸುತ್ತದೆ. ಸೂರ್ಯ ಮುಳುಗಿದ ಮೇಲೆ ಕಡಲಗಾಳಿ ನಿಂತು ನೆಲಗಾಳಿ ಹುಟ್ಟುವ ನಡುವಿನ ಹೊತ್ತೇ ಉಸಿರು ಕಟ್ಟುವುದು. ಪಣಂಬೂರು, ತಣ್ಣೀರುಬಾವಿ ಕಡೆ ಹೋಗುವುದಿದ್ದರೆ ಐದೂವರೆಗೆ ಕೂತು ಏಳರೊಳಗೆ ಮುಗಿಸಿ. ರಾತ್ರಿ ಊಟಕ್ಕೆ ದೊಡ್ಡ ಫ್ಯಾನಿರುವ, ಪಡುವಣಕ್ಕೂ ಮೂಡಣಕ್ಕೂ ತೆರೆದ ಚಾವಡಿ ಹುಡುಕಿ.

ಬೆಂಗಳೂರಿನವರಿಗೂ ಒಂದು ಎಚ್ಚರ. ಅಡ್ಡಮಳೆ ಬಂದು ಹೋದ ಸಂಜೆ ನಿಮ್ಮೂರೂ ಅರ್ಧ ಮಂಗಳೂರೇ. ಆಗ ಮಂಜಿನ ಫ್ಯಾನಿನ ನೀರು ಬಂದ್ ಮಾಡಿಸಿ. ಬೋರ್‌ವೆಲ್ಲಿನ ಗಡಸು ನೀರನ್ನು ಹಾಗೇ ಬಿಟ್ಟರೆ ನಳಿಗೆ ಕಟ್ಟಿಕೊಂಡು ಮಂಜಿನ ಬದಲು ಹನಿ ತೊಟ್ಟಿಕ್ಕುತ್ತದೆ, ಕಪ್ಪು ಬಟ್ಟೆಯ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಫ್ಯಾನಿನ ಕೆಳಗಿನ ತೊಟ್ಟಿ ಪಾಚಿಗಟ್ಟಿದ್ದರೆ ಅದರ ಮುಂದೆ ಕೂರಲೇಬೇಡಿ. ನಿಂತ ನೀರಿನಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾ ಉಸಿರಿನ ಜತೆ ಶ್ವಾಸಕೋಶಕ್ಕೆ ಹೋಗಬಲ್ಲವು.

ಸೊಳ್ಳೆ! ಇದಕ್ಕೇನು ಮದ್ದು?
(ಬನಶಂಕರಿ)

ಫ್ಯಾನು. ಸೊಳ್ಳೆ ಗಟ್ಟಿಯಾಗಿ ಹಾರಬಲ್ಲ ಹುಳುವಲ್ಲ. ಮೇಜಿನ ಕೆಳಗೆ, ಮೊಣಕಾಲಿನ ಮಟ್ಟಕ್ಕೆ ಬೀಸುವ ಒಂದು ಪೆಡೆಸ್ಟಲ್ ಫ್ಯಾನು ಹತ್ತು ನಿಂಬೆಹುಲ್ಲಿನ ಮೇಣದಬತ್ತಿಗಳಿಗಿಂತ ಮೇಲು. ತಲೆಯ ಮೇಲಿನ ಫ್ಯಾನು ಕಾಲಿಗೆ ತಲುಪದು. ಡೆಂಗಿ ಹರಡುವ ಸೊಳ್ಳೆ ಹಗಲಿನದು, ಬೆಳಿಗ್ಗೆಯೂ ಸೂರ್ಯ ಮುಳುಗುವ ಮುಂಚಿನ ಒಂದೆರಡು ಗಂಟೆಯೂ ಅದರ ಕಡಿತ ಜಾಸ್ತಿ. ರಾತ್ರಿಯದು ಬೇರೆ, ಅದು ರಾಜಕಾಲುವೆ, ಕೊಳಕು ನೀರಿನದು. ಆದ್ದರಿಂದ ಸಂಜೆ ಐದರ ಕಾಫಿಗೂ ಕಾಲು ಮುಚ್ಚುವ ಬಟ್ಟೆ ಹಾಕಿ. ಹೋಟೆಲಿನ ಹೂಕುಂಡಗಳ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯೇ, ಅಲಂಕಾರದ ಕೊಳದಲ್ಲಿ ಮೀನಿದೆಯೇ ನೋಡಿ. ಊಟದ ಹೊತ್ತಿಗೆ ಹೊಗೆ ಹಾಕಿಸಿಕೊಳ್ಳಬೇಡಿ, ಅದು ನೇರ ಅನ್ನದ ಮೇಲೆ ಕೂರುತ್ತದೆ.

ಮೇ ತಿಂಗಳಲ್ಲಿ ಹೊರಗಿನ ಮೇಜು ಬುಕ್ ಮಾಡಿದರೆ ಮಳೆ ಖಚಿತ ಎನ್ನುವಂತಾಗಿದೆ. ಮುಂಗಡ ಕೊಟ್ಟ ದುಡ್ಡೂ ಹೋಯಿತು. ಮಳೆ ಬರುತ್ತೋ ಇಲ್ಲವೋ ಅಂದಾಜಿಸುವುದು ಹೇಗೆ?
(ರಾಜಾಜಿನಗರ)

ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲ ಅದು. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರ ನಡುವೆ ಯಾವಾಗ ಬೇಕಾದರೂ ಗುಡುಗಬಹುದು. ಬೆಳಗಿನ ಹೊತ್ತು ಬರುವುದು ಅಪರೂಪ. ಹಾಗಾಗಿ ಮೇ ತಿಂಗಳಲ್ಲಿ ಹೊರಗಿನ ಊಟಕ್ಕೆ ನಮ್ಮ ಮೊದಲ ಆಯ್ಕೆ ಬೆಳಗಿನ ತಿಂಡಿ, ಎರಡನೆಯದು ರಾತ್ರಿ ಎಂಟೂವರೆಯ ನಂತರ.

ದಿನದ ಲಕ್ಷಣ ಹೀಗೆ ನೋಡಿ: ಬೆಳಿಗ್ಗೆಯೇ ಉಬ್ಬೆ, ಹನ್ನೆರಡರ ಹೊತ್ತಿಗೆ ಹತ್ತಿಯಂಥ ಬಿಳಿ ಮೋಡಗಳು, ಮೂರಕ್ಕೆ ಅವು ಹೂಕೋಸಿನ ಹಾಗೆ ಮೇಲಕ್ಕೆ ಬೆಳೆದು ಬುಡ ಕಪ್ಪಾದರೆ ಒಳಗಿನ ಮೇಜಿಗೆ ಫೋನು ಮಾಡಿ. ಧೂಳಿನ ಜತೆ ತಣ್ಣನೆ ಗಾಳಿ ರಪ್ಪನೆ ಬೀಸಿತೆಂದರೆ ಹತ್ತು ಹದಿನೈದು ನಿಮಿಷವೂ ಸಿಗದಿರಬಹುದು. ಬೆಂಗಳೂರಿಗೆ "ಮೇಘಸಂದೇಶ", ಸಿಡಿಲಿಗೆ "ದಾಮಿನಿ" ಎಂಬ ಸರ್ಕಾರಿ ಆ್ಯಪ್‌ಗಳಿವೆ. ಹೊರಡುವ ಒಂದು ಗಂಟೆ ಮೊದಲು ನೋಡಿದರೆ ಪ್ರಯೋಜನ, ಹಿಂದಿನ ದಿನ ನೋಡಿ ಲಾಭವಿಲ್ಲ.

ಮಿಂಚು ಕಂಡ ಮೇಲೆ ಎಣಿಸಿ. ಗುಡುಗು ಕೇಳಲು ಮೂರು ಸೆಕೆಂಡು ಹಿಡಿದರೆ ಸಿಡಿಲು ಒಂದು ಕಿಲೋಮೀಟರ್ ದೂರ. 30 ಸೆಕೆಂಡಿನೊಳಗೆ ಕೇಳಿದರೆ ಮರದಡಿಯಿಂದಲೂ ಟೆರೇಸಿನಿಂದಲೂ ಒಳಗೆ ಹೋಗುವುದೇ ಸರಿ, ದೋಸೆ ಅರ್ಧ ಉಳಿದರೂ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಮರದ ಕೊಂಬೆಯ ಭಯ ಬೇರೆ ಇದೆ. ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೊಫೋರಂ, ಮುದಿ ಮಳೆಮರ ಇವು ಬಿರುಗಾಳಿಗೆ ಬೇಗ ಮುರಿಯುತ್ತವೆ. 2024ರ ಜೂನ್ 2ರಂದು ಬೆಂಗಳೂರಿಗೆ ಒಂದೇ ದಿನ 111 ಮಿಲಿಮೀಟರ್ ಸುರಿದಾಗ ಊರಿನಲ್ಲಿ ಬಿದ್ದ ಮರಗಳನ್ನು ನೆನಪಿಸಿಕೊಳ್ಳಿ. ಒಣ ಕೊಂಬೆ ಕಂಡರೆ, ಅಥವಾ ಬುಡದ ಸುತ್ತ ಕತ್ತು ಹಿಸುಕಿದ ಹಾಗೆ ಸಿಮೆಂಟು ಹಾಕಿದ್ದರೆ ಆ ಮರದ ಕೆಳಗಿನ ಮೇಜು ಬೇಡ.

ಮುಂಗಡದ ಬಗ್ಗೆ: ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ, ಉತ್ತರ ಮೆಸೇಜಿನಲ್ಲಿ ತರಿಸಿಕೊಳ್ಳಿ. ಮಳೆ ಬಂದರೆ ಒಳಗೆ ಮೇಜು ಕಾದಿರಿಸಿದೆಯೇ? ಇಲ್ಲವಾದರೆ ದುಡ್ಡು ವಾಪಸೋ, ಬೇರೆ ದಿನವೋ? "ಅಡ್ಜಸ್ಟ್ ಮಾಡ್ತೀವಿ" ಅನ್ನುವುದು ಉತ್ತರವಲ್ಲ. ನಿಮ್ಮಂತೆ ಹೊರಗೆ ಕೂತ 40 ಜನವೂ ಒಟ್ಟಿಗೆ ಒಳಗೆ ಓಡುತ್ತಾರೆ, ಒಳಗಿರುವುದು 20 ಕುರ್ಚಿ.

ಹೊರಗೆ ಕೂತಾಗ ಏನು ತರಿಸಬೇಕು, ಏನು ಬೇಡ? ಮಕ್ಕಳಿಗೆ ಎರಡು ಸಲ ಹೊಟ್ಟೆ ಕೆಟ್ಟಿದೆ.
(ವೈಟ್‌ಫೀಲ್ಡ್)

ಬಿಸಿ ಊಟ 60 ಡಿಗ್ರಿಗಿಂತ ಬಿಸಿಯಾಗಿ, ತಣ್ಣನೆಯದು 5 ಡಿಗ್ರಿಗಿಂತ ತಣ್ಣಗೆ ಇರಬೇಕು. ನಡುವಿನ ಹದದಲ್ಲಿ ಕ್ರಿಮಿ ಬೆಳೆಯುತ್ತದೆ. ಸಾಮಾನ್ಯ ದಿನದಲ್ಲಿ ಎರಡು ಗಂಟೆ ಹೊರಗಿಡಬಹುದಾದ ಅಡುಗೆಯನ್ನು 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆಗೆ ಎತ್ತಬೇಕು. ಭಾನುವಾರದ ಬಯಲು ಬಫೆಗೆ ಈ ಅಳತೆ ಹಿಡಿಯಿರಿ. ಹನ್ನೆರಡಕ್ಕೆ ಇಟ್ಟ ಪಾಸ್ಟಾ ಸಲಾಡು ಎರಡೂವರೆಗೂ ಅಲ್ಲೇ ಇದ್ದರೆ ಅದನ್ನು ಕಣ್ಣಲ್ಲಿ ನೋಡಿ ಮುಂದೆ ಹೋಗಿ. ಬಿಸಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಬಾರದಿದ್ದರೆ ಕೆಳಗಿನ ಉರಿ ಆರಿದೆ ಎಂದರ್ಥ. ಬಫೆಗೆ ಹೋಗುವುದಾದರೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲೇ ಹೋಗಿ.

ಮಕ್ಕಳು ಕೇಳುವ ಮಯೋನೀಸ್‌ನಲ್ಲಿ ಹಸಿ ಮೊಟ್ಟೆ ಇದ್ದರೆ ಬೇಸಿಗೆಯಲ್ಲಿ ಅದು ಬೇಡವೇ ಬೇಡ. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅಂಥದ್ದನ್ನು ಒಂದು ವರ್ಷ ನಿಷೇಧಿಸಿದ್ದು ಸುಮ್ಮನಲ್ಲ. ತೆಂಗಿನಕಾಯಿ ಚಟ್ನಿ ನಾವೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದ ಅಪರಾಧಿ. ಬೆಳಿಗ್ಗೆ ರುಬ್ಬಿದ ಚಟ್ನಿ ಬಕೆಟ್ಟಿನಲ್ಲಿ ಸಂಜೆಗೆ ಬಂದರೆ ಹುಳಿ ಮೂಗಿಗೆ ಬಡಿಯುತ್ತದೆ, ನಾಲಗೆಗೆ ಸಣ್ಣ ಚುರುಕು ಹತ್ತುತ್ತದೆ. ಅಲ್ಲಿಗೆ ಬಿಡಿ, ಸಾಂಬಾರಿನಲ್ಲಿ ತಿನ್ನಿ. ಐಸು ಕೇಳುವಾಗ ನೋಡಿ: ನಡುವೆ ತೂತಿರುವ ಕೊಳವೆಯಾಕಾರದ ತುಂಡು ಯಂತ್ರದಲ್ಲಿ ಆದದ್ದು, ಗೋಣಿಚೀಲದಲ್ಲಿ ಸುತ್ತಿ ತಂದು ಕುಟ್ಟಿದ ದಿಮ್ಮಿಯ ಐಸು ಯಾವ ನೀರಿನದೋ. ಮಜ್ಜಿಗೆಯನ್ನು ಐಸಿಲ್ಲದೆ ಕೊಡಿ ಎಂದರೆ ಕೊಡುತ್ತಾರೆ. ಬಿಲ್ಲಿನ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇರಬೇಕು. 2022ರಿಂದ ಅದು ಕಡ್ಡಾಯ. ದೂರು ಕೊಡುವಾಗ ಅದೇ ಬೇಕಾಗುವುದು.

ರುಚಿಯ ಮಾತೂ ಇದೆ. ಫ್ಯಾನಿನ ಎದುರು ಬೆಣ್ಣೆ ದೋಸೆ ಮೂರು ನಿಮಿಷದಲ್ಲಿ ಗರಿಗರಿ ಕಳೆದುಕೊಂಡು ತೊಗಲಿನಂತಾಗುತ್ತದೆ. ದೋಸೆಗೆ ಒಳಗೇ ಕೂತುಬಿಡಿ. ಬಯಲಿಗೆ ಇಡ್ಲಿ, ಖಾರಾಬಾತ್, ಬಿಸಿಬೇಳೆಬಾತ್ ಒಳ್ಳೆಯವು, ಬಿಸಿ ಹಿಡಿದಿಟ್ಟುಕೊಳ್ಳುತ್ತವೆ.

ಹೊರಗೆ ಕೂತಿದ್ದಕ್ಕೆ ಬಿಲ್ಲಿನಲ್ಲಿ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಕೊಡಲೇಬೇಕೇ?
(ಹೆಬ್ಬಾಳ)

ಬೇಕಿಲ್ಲ. ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ತೆಗೆದುಹಾಕಿ ಎಂದು ಮೆತ್ತಗೆ ಹೇಳಿ, ಒಪ್ಪದಿದ್ದರೆ ಬಿಲ್ಲಿನ ಫೋಟೋ ತೆಗೆದುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಮೊದಲೇ ಹೇಳಿ ಹೊರಾಂಗಣಕ್ಕೆ ಬೇರೆ ದರದ ಮೆನು ಕೊಟ್ಟಿದ್ದರೆ ಅದು ಬೇರೆ ಮಾತು, ಅದನ್ನು ಕೂರುವ ಮುಂಚೆ ಕೇಳಬೇಕು.

ಮೇ ರಜೆಗೆ ದುಬೈಯಿಂದ ಮಕ್ಕಳ ಜತೆ ಬರುತ್ತಿದ್ದೇವೆ. ಬೆಂಗಳೂರಿನಲ್ಲಿ ಹೊರಗೆ ನಿಂತು ತಿಂಡಿ ತಿನ್ನುವ ಹಳೆಯ ಜಾಗಗಳಿಗೆ ಹೋಗಬೇಕು. ಯಾವ ಹೊತ್ತಿಗೆ, ಹೇಗೆ?
(ದುಬೈ)

ಎಂಟರೊಳಗೆ ಹೋಗಿ. ಎಂಟೂವರೆ ದಾಟಿದರೆ ಬಿಸಿಲು ಚುರುಕು, ಸಾಲೂ ಉದ್ದ. ಆ ಹೊತ್ತಿಗೆ ಸೂರ್ಯ ಪೂರ್ವದಲ್ಲಿರುವುದರಿಂದ ಪಡುವಣಕ್ಕೆ ಮುಖ ಮಾಡಿದ ಅಂಗಡಿಗಳ ಮುಂದೆ ನೆರಳು. ಉಳಿದ ಕಡೆ ತಟ್ಟೆ ಹಿಡಿದುಕೊಂಡು ರಸ್ತೆಯ ಆಚೆ ಮಗ್ಗುಲಿಗೆ ದಾಟಿ, ಎಲ್ಲರೂ ಹಾಗೇ ಮಾಡುತ್ತಾರೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಅಷ್ಟೇ. ಸಾಂಬಾರ್ ಇಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ. ಚಟ್ನಿ ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲಿಯೂ ಫುಟ್‌ಪಾತಿನ ಮೇಲೆ ನಿಂತೇ ತಿನ್ನುವುದು. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಲು ಹೋಗಬೇಡಿ, ಊರಿನ ಎರಡು ತುದಿ. ಶಂಕರಪುರದ ದಿನ ಬೇಗ ತಿಂದು ಲಾಲ್‌ಬಾಗ್‌ನ ನೆರಳಿಗೆ ನಡೆದುಬಿಡಿ. ಸಂಜೆಗೆ ವಿ.ವಿ. ಪುರಂನ ತಿಂಡಿ ಬೀದಿ ಇದೆ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ವಾರದ ನಡುವೆ ಹೋಗಿ, ಶನಿವಾರ ಭಾನುವಾರ ಚಿಕ್ಕ ಮಕ್ಕಳ ಕೈ ಹಿಡಿದು ನಿಲ್ಲಲೂ ಜಾಗವಿರುವುದಿಲ್ಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ತಿನ್ನುವುದು ಒಳಗೆ, ಕಾಯುವುದು ಮಾತ್ರ ಹೊರಗೆ. ಹೆಸರು ಬರೆಸಿ, ಮಕ್ಕಳನ್ನು ನೆರಳಿಗೆ ಬಿಟ್ಟು, ದೊಡ್ಡವರೊಬ್ಬರು ಬಾಗಿಲ ಹತ್ತಿರ ನಿಲ್ಲಿ. ನೀರಿನ ಬಾಟಲಿಯನ್ನು ಮನೆಯಿಂದಲೇ ತನ್ನಿ. ರಜೆಗಳನ್ನು ನೆನಪಿಡಿ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಬ್ರಾಹ್ಮಿನ್ಸ್‌ಗೆ ಭಾನುವಾರ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ.